ಇನ್‌ಸ್ಟಾಲ್ ಬೇಡ, ಸರಿ. ಆದರೆ ಪೈಥಾನ್ ಓಡುತ್ತಿರುವುದು ಯಾರ ಕಂಪ್ಯೂಟರಿನಲ್ಲಿ?

ಎಂಜಿನಿಯರಿಂಗ್ ಮೊದಲ ವರ್ಷದ ಮ್ಯಾಥ್ಸ್ ಲ್ಯಾಬ್ ಹೇಗಿರುತ್ತದೆ ಗೊತ್ತಾ? ವಿಟಿಯು 2022ರ ಸ್ಕೀಮಿನಲ್ಲಿ ಗಣಿತದ ಪೇಪರಿನ ಒಳಗೇ ಲ್ಯಾಬ್ ಕೂಡ ಬಂದಿದೆ. ಪೋಲಾರ್ ಕರ್ವ್ ಬಿಡಿಸಬೇಕು, ಜಾಕೋಬಿಯನ್ ಲೆಕ್ಕ ಹಾಕಬೇಕು, ಗಾಸ್-ಸೈಡಲ್ ವಿಧಾನದಲ್ಲಿ ಸಮೀಕರಣ ಬಿಡಿಸಬೇಕು, ಎಲ್ಲವನ್ನೂ ಕಂಪ್ಯೂಟರಿನಲ್ಲಿ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ, ಸೈಲ್ಯಾಬ್, ಮ್ಯಾಟ್‌ಲ್ಯಾಬ್ ಯಾವುದಾದರೂ ಆಗಬಹುದು. ನಾನು ನೋಡಿದ ಕಡೆಯೆಲ್ಲ ಪೈಥಾನನ್ನೇ ಹಿಡಿದಿದ್ದಾರೆ. ದುಡ್ಡು ಕೊಡಬೇಕಿಲ್ಲ, ಕಲಿತರೆ ಮುಂದೆ ಕೆಲಸಕ್ಕೂ ಬರುತ್ತದೆ.

ನಾನೂ ಒಂದು ಸೆಮಿಸ್ಟರ್ ಇಂಥ ಲ್ಯಾಬಿನಲ್ಲಿ ಸಹಾಯಕ್ಕೆ ನಿಂತಿದ್ದೆ. ಯಾವ ಕಾಲೇಜು ಅನ್ನೋದು ಬೇಡ ಬಿಡಿ. ಮೊದಲ ದಿನ ಎರಡು ಗಂಟೆಯ ಕ್ಲಾಸು ಪೂರ್ತಿ ಇನ್‌ಸ್ಟಾಲ್ ಮಾಡುವುದರಲ್ಲೇ ಹೋಯಿತು. ಪೈಥಾನನ್ನು ಲೈಬ್ರರಿಗಳ ಸಮೇತ ಕೊಡುವ ಅನಕೊಂಡ ಇಳಿಸಿಕೊಳ್ಳೋಣ ಅಂದರೆ ಒಂದು ಜಿಬಿ ಹತ್ತಿರ ಇದೆ, ಒಂದೇ ವೈಫೈ, ಮೂವತ್ತು ಜನ. ಇಳಿಸಿಕೊಂಡವರಿಗೆ ಅಡ್ಮಿನ್ ಪಾಸ್‌ವರ್ಡ್ ಬೇಕು, ಅದು ಗೊತ್ತಿದ್ದ ಇನ್‌ಸ್ಟ್ರಕ್ಟರ್ ಅವತ್ತು ರಜ. ಕೆಲವು ಮಷೀನಿನಲ್ಲಿ ಹಿಂದಿನ ಬ್ಯಾಚಿನವರು ಹಾಕಿದ್ದ ಎರಡೆರಡು ಪೈಥಾನ್ ಕೂತಿವೆ, ಒಂದರಲ್ಲಿ ಲೆಕ್ಕಕ್ಕೆ ಬೇಕಾದ ನಮ್‌ಪೈ ಲೈಬ್ರರಿ ಇದೆ, ಇನ್ನೊಂದರಲ್ಲಿ ಇಲ್ಲ, ಯಾವುದು ಓಡುತ್ತಿದೆ ಅನ್ನುವುದು ಅದೃಷ್ಟಕ್ಕೆ ಬಿಟ್ಟಿದ್ದು. ಈ ಗಲಾಟೆಯ ಮಧ್ಯೆ ಕೊನೇ ಬೆಂಚಿನಲ್ಲಿ ಒಬ್ಬ ಹುಡುಗ ಸುಮ್ನೆ ಕೂತಿದ್ದ. ಫೋನ್ ನೋಡ್ತಿದ್ದಾನೆ ಅಂತ ಬೈಯಲು ಹೋದರೆ, "ಮೇಡಂ, ಕಾರ್ಡಿಯಾಯ್ಡ್ ಬಂತು" ಅಂತ ತೋರಿಸಿದ. ಫೋನಿನ ಬ್ರೌಸರಿನಲ್ಲಿ ಪೈಥಾನ್ ತೆರೆದು, ಗ್ರಾಫ್ ಬಿಡಿಸಿ, ಮುಗಿಸಿ ಕೂತಿದ್ದ.

"ಓ, ಕೊಲ್ಯಾಬಾ?" ಅಂದೆ. ಅಲ್ಲವಂತೆ, ಜುಪಿಟರ್‌ಲೈಟ್ ಅನ್ನುವುದಂತೆ. ಡೇಟಾ ಆಫ್ ಮಾಡಿ ಮತ್ತೆ ರನ್ ಒತ್ತಿದ. ಮತ್ತೆ ಬಂತು.

ಈ ವ್ಯತ್ಯಾಸ ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತೇ ಇಲ್ಲ. "ಬ್ರೌಸರಿನಲ್ಲೇ ಓಡುತ್ತೆ, ಇನ್‌ಸ್ಟಾಲ್ ಬೇಡ" ಅನ್ನುವ ಒಂದೇ ಮಾತಿನೊಳಗೆ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಗೂಗಲ್ ಕೊಲ್ಯಾಬ್ ಅಥವಾ ಬೈಂಡರ್ ತೆರೆದಾಗ ನಿಮ್ಮ ಬ್ರೌಸರ್ ಬರೀ ಕಿಟಕಿ. ಕೋಡ್ ಓಡುವುದು ದೂರದಲ್ಲೆಲ್ಲೋ ಇರುವ ಬೇರೆಯವರ ಸರ್ವರಿನಲ್ಲಿ. ಪೈಯೊಡೈಡ್, ಅದರ ಮೇಲೆ ಕೋಡ್ ಬರೆದು ಓಡಿಸುವ ಪುಟ (ನೋಟ್‌ಬುಕ್) ಕೊಡುವ ಜುಪಿಟರ್‌ಲೈಟ್, ವೆಬ್‌ಆರ್ ಇವುಗಳಲ್ಲಿ ಹಾಗಲ್ಲ. ಪೈಥಾನೋ ಆರ್ ಭಾಷೆಯೋ, ಕೋಡನ್ನು ಓದಿ ಓಡಿಸುವ ಇಡೀ ಇಂಟರ್‌ಪ್ರಿಟರೇ ಇಳಿದು ಬಂದು ನಿಮ್ಮ ಬ್ರೌಸರಿನ ಟ್ಯಾಬಿನೊಳಗೆ, ನಿಮ್ಮದೇ ಪ್ರೊಸೆಸರಿನ ಮೇಲೆ ಓಡುತ್ತದೆ. ಮೊದಲನೆಯದು ಹೋಟೆಲಿಗೆ ಹೋಗಿ ಉಂಡ ಹಾಗೆ. ಎರಡನೆಯದು ಅಡುಗೆ ಭಟ್ಟರು ಪಾತ್ರೆ ಸಮೇತ ಮನೆಗೆ ಬಂದು, ನಮ್ಮ ಒಲೆಯ ಮೇಲೇ ಬೇಯಿಸಿಕೊಟ್ಟು, ಮುಗಿದ ಮೇಲೆ ಪಾತ್ರೆ ಎತ್ತಿಕೊಂಡು ಹೋದ ಹಾಗೆ.

ಹೋಟೆಲಾದರೆ ಬಿಲ್ ಯಾರೋ ಕಟ್ಟಲೇಬೇಕು ಅಲ್ವಾ? ಬೈಂಡರ್‌ಗೆ ಆದದ್ದು ಅದೇ. ಯಾರದೋ ನೋಟ್‌ಬುಕ್ಕನ್ನು ಒಂದು ಕ್ಲಿಕ್ಕಿನಲ್ಲಿ ಓಡಿಸಿ ನೋಡಬಹುದಾದ ಒಳ್ಳೆಯ ಸೇವೆ ಅದು, ಪ್ರಪಂಚದ ಎಷ್ಟೋ ಪಾಠಗಳು ಅದರ ಮೇಲೆ ನಿಂತಿದ್ದವು. 2023ರಲ್ಲಿ ಗೂಗಲ್ ತಾನು ಕೊಡುತ್ತಿದ್ದ ನೆರವು ನಿಲ್ಲಿಸಿತು. ಸೇವೆ ಮುಚ್ಚಲಿಲ್ಲ, ಆದರೆ ಸಾಮರ್ಥ್ಯ ಇಳಿಯಿತು, ಕಾಯುವುದು ಜಾಸ್ತಿಯಾಯಿತು. ಪೈಥಾನಿನಲ್ಲಿ ಬೀಜಗಣಿತ ಮಾಡುವ ಸಿಂಪೈ ಲೈಬ್ರರಿಯವರು ಇಂಥದ್ದರಿಂದ ಮೊದಲೇ ತಪ್ಪಿಸಿಕೊಂಡಿದ್ದರು. ಅವರ ಆನ್‌ಲೈನ್ ಶೆಲ್ ವರ್ಷಗಟ್ಟಲೆ ಗೂಗಲ್ ಸರ್ವರಿನಲ್ಲಿ ಓಡುತ್ತಿತ್ತು. ಅದನ್ನು ಎತ್ತಿ ಪೈಯೊಡೈಡ್ ಮೇಲೆ ಕೂರಿಸಿದರು. ಈಗ ಅವರು ಇಡಬೇಕಾದದ್ದು ಬರೀ ಕೆಲವು ಫೈಲುಗಳು. ಓಡಿಸುವ ಖರ್ಚು ಬಳಸುವವರ ಬ್ಯಾಟರಿಯದು. ಹತ್ತು ಜನ ಬಂದರೂ, ಹತ್ತು ಸಾವಿರ ಜನ ಬಂದರೂ, ಫೈಲು ಹಂಚುವುದನ್ನು ಬಿಟ್ಟರೆ ಅವರಿಗೆ ಬೇರೆ ಖರ್ಚಿಲ್ಲ. ಸೈಪೈ, ಸೈಕಿಟ್-ಲರ್ನ್ ಲೈಬ್ರರಿಗಳ ಕೈಪಿಡಿಗಳಲ್ಲೂ ಉದಾಹರಣೆಗಳನ್ನು ಅಲ್ಲಲ್ಲೇ ಓಡಿಸಿ ನೋಡುವ ಬಟನ್ ಬಂದಿರುವುದು ಈ ಲೆಕ್ಕಾಚಾರದಿಂದಲೇ.

ಇದೆಲ್ಲ ಹೇಗೆ ಸಾಧ್ಯವಾಯಿತು? ಬ್ರೌಸರಿಗೆ ಮೊದಲು ಗೊತ್ತಿದ್ದದ್ದು ಜಾವಾಸ್ಕ್ರಿಪ್ಟ್ ಒಂದೇ. ಸಿ ಭಾಷೆಯಲ್ಲಿ ಬರೆದದ್ದನ್ನು ಅಲ್ಲಿ ಓಡಿಸುವ ಹುಚ್ಚು ಹಿಡಿದದ್ದು ಮೊಜಿಲ್ಲಾದಲ್ಲಿದ್ದ ಅಲಾನ್ ಜಕಾಯ್ ಅವರಿಗೆ. ಸಿ ಕೋಡನ್ನು ಜಾವಾಸ್ಕ್ರಿಪ್ಟಿಗೆ ತಿರುಗಿಸುವ ಅವರ ಎಮ್‌ಸ್ಕ್ರಿಪ್ಟೆನ್ ಅನ್ನುವ ಕಂಪೈಲರಿನಿಂದ ಶುರುವಾದದ್ದು, 2013ರ ಎಎಸ್ಎಂ ಡಾಟ್ ಜೆಎಸ್ (ವೇಗವಾಗಿ ಓಡುವಂತೆ ಕತ್ತರಿಸಿದ ಜಾವಾಸ್ಕ್ರಿಪ್ಟ್) ದಾಟಿ, 2017ರ ಹೊತ್ತಿಗೆ ವೆಬ್‌ಅಸೆಂಬ್ಲಿಯಾಗಿ ಎಲ್ಲಾ ದೊಡ್ಡ ಬ್ರೌಸರುಗಳಿಗೂ ಬಂತು. 2019ರ ಡಿಸೆಂಬರಿನಲ್ಲಿ ಅದು ವೆಬ್ಬಿನ ಅಧಿಕೃತ ಮಾನದಂಡವೂ ಆಯಿತು. ಇದೊಂದು ಕೆಳಹಂತದ ಯಂತ್ರಭಾಷೆ, ಸಿ ಅಥವಾ ರಸ್ಟ್ ಕೋಡನ್ನು ಅದಕ್ಕೆ ಕಂಪೈಲ್ ಮಾಡಿದರೆ ಬ್ರೌಸರ್ ಅದನ್ನು ಒಂದು ಮುಚ್ಚಿದ ಡಬ್ಬಿಯೊಳಗೆ ಇಟ್ಟು ಓಡಿಸುತ್ತದೆ. ಪೈಥಾನ್ ಇಂಟರ್‌ಪ್ರಿಟರ್ ಬರೆದಿರುವುದೂ ಸಿ ಭಾಷೆಯಲ್ಲೇ ತಾನೆ? 2018ರಲ್ಲಿ ಮೊಜಿಲ್ಲಾದ ಮೈಕಲ್ ಡ್ರೋಟ್‌ಬೂಮ್ ಆ ಇಂಟರ್‌ಪ್ರಿಟರನ್ನೇ, ನಮ್‌ಪೈ, ಪಾಂಡಾಸ್, ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಲೈಬ್ರರಿಗಳ ಸಮೇತ, ವೆಬ್‌ಅಸೆಂಬ್ಲಿಗೆ ತಂದರು. ಅದೇ ಪೈಯೊಡೈಡ್. 2021ರಲ್ಲಿ ಅದು ಮೊಜಿಲ್ಲಾದಿಂದ ಹೊರಬಂದು ಸ್ವತಂತ್ರವಾಯಿತು.

ಪೈಥಾನ್ ತಂದದ್ದು ಸುಲಭದ ಭಾಗ ಅಂತಲೇ ನನ್ನ ಅಭಿಪ್ರಾಯ. ನಿಜವಾದ ತಲೆನೋವು ಫೋರ್ಟ್ರಾನ್ ಅನ್ನುವ ಹಳೇ ಪ್ರೋಗ್ರಾಮಿಂಗ್ ಭಾಷೆ.

ವಿಜ್ಞಾನದ ಲೆಕ್ಕಗಳಿಗೆ ಜನ ಬಳಸುವ ಸೈಪೈ ಮೇಲ್ನೋಟಕ್ಕೆ ಪೈಥಾನ್. ಸ್ವಲ್ಪ ಕೆರೆದು ನೋಡಿ, ಕೆಳಗೆ ಅಜ್ಜಂದಿರ ಕಾಲದ ಫೋರ್ಟ್ರಾನ್ ಸಿಗುತ್ತದೆ. ಸಮೀಕರಣದ ಬೇರು ಹುಡುಕಲು ಬಳಸುವ ಫಂಕ್ಷನ್ನಿನ ಹಿಂದೆ ಇದ್ದದ್ದು 1980ರ ಆಸುಪಾಸಿನಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ಬರೆದ ಮಿನ್‌ಪ್ಯಾಕ್. ಮ್ಯಾಟ್ರಿಕ್ಸ್ ಲೆಕ್ಕದ ಬ್ಲಾಸ್ ಮತ್ತು ಲಾಪ್ಯಾಕ್ ಕೂಡ ಫೋರ್ಟ್ರಾನಿನವೇ. ಈ ಕೋಡ್ ಕೆಟ್ಟದ್ದಲ್ಲ, ನಲವತ್ತು ವರ್ಷ ಪ್ರಪಂಚದ ಎಲ್ಲ ವಿಜ್ಞಾನಿಗಳ ಕೈಯಲ್ಲಿ ಪೆಟ್ಟು ತಿಂದು ಗಟ್ಟಿಯಾದದ್ದು, ಹಾಗಾಗಿಯೇ ಯಾರೂ ಅದನ್ನು ಮುಟ್ಟಲು ಹೋಗಿರಲಿಲ್ಲ. ಆದರೆ ವೆಬ್‌ಅಸೆಂಬ್ಲಿಗೆ ಕಂಪೈಲ್ ಮಾಡುವ ಫೋರ್ಟ್ರಾನ್ ಕಂಪೈಲರ್ ಇರಲಿಲ್ಲ. ಪೈಯೊಡೈಡ್‌ನವರು ಏನು ಮಾಡಿದರು? ಬೆಲ್ ಲ್ಯಾಬ್ಸ್ ಕಾಲದ ಎಫ್‌ಟುಸಿ ಅನ್ನುವ ಹಳೇ ತರ್ಜುಮೆ ಯಂತ್ರವನ್ನು ಧೂಳು ಕೊಡವಿ ತೆಗೆದರು. ಅದು ಫೋರ್ಟ್ರಾನ್ 77ನ್ನು ಸಿ ಭಾಷೆಗೆ ತಿರುಗಿಸುತ್ತದೆ. 77ಕ್ಕಿಂತ ಹೊಸದು ಬಂದರೆ ಅರ್ಥವಾಗುವುದಿಲ್ಲ. ಅರ್ಥವಾಗದ ಕಡೆ ಕೈಯಲ್ಲೇ ತೇಪೆ ಹಾಕಿದರು. ಮುಂದೆ ಆರ್ ಭಾಷೆಯನ್ನು ಬ್ರೌಸರಿಗೆ ತರಲು ಹೊರಟ ಜಾರ್ಜ್ ಸ್ಟ್ಯಾಗ್ ಅವರಿಗೂ ಇದೇ ಗೋಡೆ ಎದುರಾಯಿತು, ಯಾಕೆಂದರೆ ಆರ್ ಒಳಗೂ ಬೇಕಾದಷ್ಟು ಫೋರ್ಟ್ರಾನ್ ಇದೆ. ಅವರು ಎಲ್‌ಎಲ್‌ವಿಎಂ ಅನ್ನುವ ಕಂಪೈಲರ್ ಯೋಜನೆಯ ಫ್ಲ್ಯಾಂಗ್ ಅನ್ನುವ ಹೊಸ ಫೋರ್ಟ್ರಾನ್ ಕಂಪೈಲರನ್ನೇ ತಿದ್ದಿ ದಾರಿ ಮಾಡಿಕೊಂಡರು. 2023ರಲ್ಲಿ ವೆಬ್‌ಆರ್ ಬಂತು. ಇತ್ತ ಸೈಪೈನವರೂ ಈಚಿನ ವರ್ಷಗಳಲ್ಲಿ ಆ ಹಳೇ ಫೋರ್ಟ್ರಾನನ್ನು ಒಂದೊಂದಾಗಿ ಸಿ ಭಾಷೆಯಲ್ಲಿ ತಿರುಗಿ ಬರೆಯುತ್ತಿದ್ದಾರೆ.

ಹಾಗಾದರೆ ಎಲ್ಲಾ ಸರಿಹೋಯಿತಾ? ಇಲ್ಲ. ಇಲ್ಲಿ ಕೆಲವು ಕಡೆ ಜನ ಎಡವುತ್ತಾರೆ, ಅದರಲ್ಲೂ ಒಂದು ಕಡೆ ಎಡವಿದ್ದು ಗೊತ್ತೇ ಆಗುವುದಿಲ್ಲ.

ಮೊದಲು ಗೊತ್ತಾಗುವಂಥವನ್ನು ಮುಗಿಸೋಣ. ವೇಗ ಕಡಿಮೆ, ಪೈಯೊಡೈಡ್ ತಂಡದವರೇ ಹೇಳುವ ಪ್ರಕಾರ ಸಾಮಾನ್ಯ ಪೈಥಾನಿಗಿಂತ ಮೂರರಿಂದ ಐದು ಪಟ್ಟು ನಿಧಾನ. ಮೊದಲ ವರ್ಷದ ಲ್ಯಾಬಿಗೆ ಇದು ಲೆಕ್ಕಕ್ಕೇ ಇಲ್ಲ, ಅರ್ಧ ಸೆಕೆಂಡಿನ ಕೆಲಸ ಎರಡು ಸೆಕೆಂಡ್ ಆಯಿತು ಅಷ್ಟೇ. ಪೈಟಾರ್ಚ್, ಟೆನ್ಸರ್‌ಫ್ಲೋ ಇಲ್ಲ, ಹಾಗಾಗಿ ಡೀಪ್ ಲರ್ನಿಂಗ್ ಪ್ರಾಜೆಕ್ಟ್ ಇರುವವರು ಕೊಲ್ಯಾಬಿಗೇ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ಒಂದೇ ಪ್ರೋಗ್ರಾಮಿನಲ್ಲಿ ಹಲವು ಕೆಲಸ ಒಟ್ಟಿಗೆ ನಡೆಸುವ ಥ್ರೆಡ್ ಕೂಡ ಇಲ್ಲ ಅಂತಲೇ ಇಟ್ಟುಕೊಳ್ಳಿ. 2018ರಲ್ಲಿ ಸ್ಪೆಕ್ಟರ್ ಅನ್ನುವ ಪ್ರೊಸೆಸರ್ ದೋಷ ಬಯಲಾದ ಮೇಲೆ ಬ್ರೌಸರುಗಳು ಅದಕ್ಕೆ ಬೇಕಾದ ಹಂಚಿಕೆ ಮೆಮೊರಿಯನ್ನೇ ಬಂದ್ ಮಾಡಿದ್ದವು, ಈಗಲೂ ಕೊಡುವುದು ವೆಬ್‌ಸೈಟು ವಿಶೇಷ ಹೆಡರ್ ಕಳಿಸಿದರೆ ಮಾತ್ರ.

ಇನ್ನು ಗೊತ್ತಾಗದೇ ಇರುವುದು. ವೆಬ್‌ಅಸೆಂಬ್ಲಿ ಹುಟ್ಟಿದ್ದು 32 ಬಿಟ್ ಆಗಿ. ಅಂದರೆ 4 ಜಿಬಿಗಿಂತ ಹೆಚ್ಚು ಮೆಮೊರಿ ಅದರ ಕೈಗೆ ಎಟುಕುವುದಿಲ್ಲ. 64 ಬಿಟ್ ಮೆಮೊರಿ 2025ರಲ್ಲಿ ಕ್ರೋಮ್, ಫೈರ್‌ಫಾಕ್ಸ್‌ಗಳಿಗೆ ಬಂದಿದ್ದರೂ ಪೈಯೊಡೈಡ್ 32ರಲ್ಲೇ ಇದೆ. ಅದರಿಂದೇನು ಅಂತೀರಾ? 1ರಿಂದ 13ರ ತನಕದ ಅಂಕಿಗಳನ್ನು ನಮ್‌ಪೈ ಅರೇಯಲ್ಲಿ (ಅಂಕಿಗಳ ಸಾಲಿನಲ್ಲಿ) ಹಾಕಿ ಗುಣಿಸಿ ನೋಡಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ 6227020800 ಬರುತ್ತದೆ, ಅದೇ ಸರಿ ಉತ್ತರ. ಬ್ರೌಸರಿನಲ್ಲಿ 1932053504 ಬರುತ್ತದೆ. ಎರರ್ ಇಲ್ಲ, ಕೆಂಪು ಅಕ್ಷರ ಇಲ್ಲ, ಗಂಭೀರವಾಗಿ ತಪ್ಪು ಉತ್ತರ ಕೊಟ್ಟು ಸುಮ್ಮನಾಗುತ್ತದೆ. ನಮ್‌ಪೈನ ಪೂರ್ಣಾಂಕ ಅಲ್ಲಿ 32 ಬಿಟ್, ಅದರಲ್ಲಿ 13ರ ಫ್ಯಾಕ್ಟೋರಿಯಲ್ ಹಿಡಿಸುವುದಿಲ್ಲ, ತುಂಬಿ ಚೆಲ್ಲಿದ್ದು ಎಲ್ಲಿಗೋ ಹೋಯಿತು. ಪೈಥಾನಿನ ಮಾಮೂಲಿ ಪೂರ್ಣಾಂಕಕ್ಕೆ ಈ ಕಾಟ ಇಲ್ಲ, ಅರೇ ಮಾಡುವಾಗಲೇ 64 ಬಿಟ್ ಅಂತ ಹೇಳಿಬಿಟ್ಟರೂ ಸರಿಹೋಗುತ್ತದೆ. ಬ್ರೌಸರನ್ನೇ ಬೈಯುವುದೂ ತಪ್ಪು, ಯಾಕೆಂದರೆ 2024ರಲ್ಲಿ ನಮ್‌ಪೈ 2.0 ಬರುವ ತನಕ ವಿಂಡೋಸಿನಲ್ಲೂ ಇದೇ ಹಾಡು ಇತ್ತು. ಆದರೆ ಪಾಠ ಮಾಡುವವರಿಗೆ ಇದು ಗೊತ್ತಿರಬೇಕು. ಇಲ್ಲದಿದ್ದರೆ ಲ್ಯಾಪ್‌ಟಾಪಿನವಳಿಗೆ ಫುಲ್ ಮಾರ್ಕ್ಸ್, ಅದೇ ಕೋಡ್ ಬರೆದ ಫೋನಿನವನಿಗೆ ಸೊನ್ನೆ.

ಕನ್ನಡದ ವಿಷಯಕ್ಕೆ ಬಂದರೆ ಇನ್ನೂ ಮಜಾ ಇದೆ. ಪೈಥಾನ್ 3ರಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲೇ ಇಡಬಹುದು. 'ತ್ರಿಜ್ಯ' ಅಂತಲೋ 'ಬೆಲೆ' ಅಂತಲೋ ಬರೆದರೆ ಓಡುತ್ತದೆ. '೧೨' ಅಂತ ಕನ್ನಡ ಅಂಕಿಯನ್ನು ಅಕ್ಷರರೂಪದಲ್ಲಿ ಕೊಟ್ಟು ಸಂಖ್ಯೆಗೆ ಬದಲಿಸಲು ಹೇಳಿದರೆ 12 ಅಂತಲೇ ಓದಿಕೊಳ್ಳುತ್ತದೆ. ಆದರೆ 'ಸಾಫ್ಟ್‌ವೇರ್' ಅಂತ ಹೆಸರಿಟ್ಟು ನೋಡಿ, ಎರರ್. ಅದರ ನಡುವೆ ಒತ್ತಕ್ಷರ ಆಗದಂತೆ ತಡೆಯಲು ನಾವು ಹಾಕುವ ಕಣ್ಣಿಗೆ ಕಾಣದ ಅಕ್ಷರವೊಂದಿದೆಯಲ್ಲ, ಪೈಥಾನ್ ಅದನ್ನು ಒಪ್ಪುವುದಿಲ್ಲ. ಪರದೆಯ ಮೇಲೆ ಕಾಣದ ತಪ್ಪನ್ನು ಹುಡುಕಿ ಹುಡುಕಿ ಸಾಕಾಗುತ್ತದೆ.

ಗ್ರಾಫಿನ ಮೇಲೆ ಕನ್ನಡದಲ್ಲಿ ಹೆಸರು ಬರೆಯುವುದು ಇನ್ನೊಂದು ಕಥೆ. ಮ್ಯಾಟ್‌ಪ್ಲಾಟ್‌ಲಿಬ್ ಜೊತೆ ಬರುವ ಫಾಂಟಿನಲ್ಲಿ ಕನ್ನಡ ಇಲ್ಲ, ಖಾಲಿ ಚೌಕಗಳು ಬರುತ್ತವೆ. ಮಾಮೂಲಿ ಕಂಪ್ಯೂಟರಿನಲ್ಲಾದರೆ ಅದರಲ್ಲೇ ಇರುವ ಕನ್ನಡ ಫಾಂಟ್ ತೋರಿಸಬಹುದು. ಬ್ರೌಸರಿನೊಳಗಿನ ಪೈಥಾನಿಗೆ ನಿಮ್ಮ ಕಂಪ್ಯೂಟರಿನ ಫಾಂಟ್ ಫೋಲ್ಡರ್ ಕಾಣಿಸುವುದೇ ಇಲ್ಲ, ಅದು ಡಬ್ಬಿಯೊಳಗಿದೆ. ನೋಟೋ ಕನ್ನಡ ಫಾಂಟನ್ನು ನೀವೇ ಒಳಗೆ ಹಾಕಬೇಕು. ಹಾಕಿದರೂ ಒತ್ತಕ್ಷರ ಒಡೆದುಕೊಂಡು ಬರುವುದನ್ನು ನೋಡಿ ಬೇಜಾರಾಗುತ್ತದೆ. ತಮಾಷೆ ಏನೆಂದರೆ, ಆ ಡಬ್ಬಿ ಕೂತಿರುವ ಬ್ರೌಸರಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಹಾಗಾಗಿ ಚಿತ್ರ ಬಿಡಿಸುವ ಕೆಲಸವನ್ನು ಬ್ರೌಸರಿಗೇ ಬಿಡುವ ಪ್ಲಾಟ್ಲಿ, ಆಲ್ಟೇರ್ ತರಹದ ಲೈಬ್ರರಿ ಬಳಸಿದರೆ 'ಉಷ್ಣತೆ', 'ವೇಗೋತ್ಕರ್ಷ' ಎಲ್ಲಾ ಒತ್ತಕ್ಷರ ಸಮೇತ ಸರಿಯಾಗಿ ಮೂಡುತ್ತದೆ. ಕನ್ನಡದಲ್ಲಿ ವಿಜ್ಞಾನ ಪಾಠ ಮಾಡುವ ಹೈಸ್ಕೂಲ್ ಮೇಷ್ಟ್ರುಗಳಿಗೆ ಈ ಒಂದು ವಿಷಯ ಗೊತ್ತಾದರೂ ಸಾಕು ಅನಿಸುತ್ತದೆ ನನಗೆ.

ನಮ್ಮ ದೇಶದಲ್ಲಿ ಈ ದಿಕ್ಕಿನಲ್ಲಿ ಕೆಲಸ ಆಗಿಲ್ಲ ಅಂತಲ್ಲ. ಐಐಟಿ ಬಾಂಬೆಯ ಫಾಸೀ ಯೋಜನೆಯವರು ಸೈಲ್ಯಾಬ್ ಆನ್ ಕ್ಲೌಡ್ ಮಾಡಿದ್ದಾರೆ. ಅಲ್ಲೇ ಶುರುವಾದ ಸ್ಪೋಕನ್ ಟ್ಯುಟೋರಿಯಲ್‌ನ ಎಷ್ಟೋ ಪಾಠಗಳು ಕನ್ನಡದಲ್ಲೂ ಇವೆ, ಹಳ್ಳಿ ಕಡೆಯ ಕಾಲೇಜುಗಳಿಗೆ ಅದು ದೊಡ್ಡ ಉಪಕಾರ. ಆದರೆ ಸೈಲ್ಯಾಬ್ ಆನ್ ಕ್ಲೌಡ್ ಕೂಡ ಹೋಟೆಲೇ. ಸರ್ವರ್ ಅವರದು, ಇಂಟರ್ನೆಟ್ ನಮ್ಮದು, ಎರಡರಲ್ಲಿ ಒಂದು ಕೈಕೊಟ್ಟರೂ ಲ್ಯಾಬ್ ನಿಲ್ಲುತ್ತದೆ.

ನನಗೆ ಸರಿ ಅನಿಸುವ ದಾರಿ ಬೇರೆ. ಪೈಯೊಡೈಡ್‌ನ ಪೂರ್ತಿ ಕಟ್ಟು ಕೆಲವು ನೂರು ಎಂಬಿ ಅಷ್ಟೇ. ಅದನ್ನು ಒಮ್ಮೆ ಇಳಿಸಿಕೊಂಡು ಕಾಲೇಜಿನ ಲ್ಯಾನ್‌ನಲ್ಲಿರುವ ಯಾವುದಾದರೂ ಒಂದು ಹಳೇ ಮಷೀನಿನಲ್ಲಿ ಇಟ್ಟರೆ, ಮೂವತ್ತು ಜನರೂ ಬ್ರೌಸರ್ ತೆರೆದು ಅಲ್ಲಿಂದಲೇ ತೆಗೆದುಕೊಳ್ಳಬಹುದು. ಹೊರಗಿನ ಇಂಟರ್ನೆಟ್ ಬೇಡ, ಅಡ್ಮಿನ್ ಪಾಸ್‌ವರ್ಡ್ ಬೇಡ, ಎಲ್ಲರ ಹತ್ತಿರವೂ ಒಂದೇ ವರ್ಷನ್. ಆ ಹಳೇ ಮಷೀನಿನ ಮೇಲೆ ಹೊರೆಯೂ ಇಲ್ಲ, ಅದು ಫೈಲು ಹಂಚುತ್ತದೆ ಅಷ್ಟೇ, ಲೆಕ್ಕ ಮಾಡುವುದಿಲ್ಲ. ಮಾಡಲು ಹೊರಟವರಿಗೆ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ, ಇದರಲ್ಲಿ ನಾನು ಒಂದು ಭಾನುವಾರ ಪೂರ್ತಿ ಕಳೆದಿದ್ದೇನೆ. ಜುಪಿಟರ್‌ಲೈಟ್ ಫೈಲುಗಳನ್ನು ನೋಡಿಕೊಳ್ಳಲು ಬ್ರೌಸರಿನ ಹಿನ್ನೆಲೆಯಲ್ಲಿ ಓಡುವ ಸರ್ವಿಸ್ ವರ್ಕರ್ ಅನ್ನುವುದನ್ನು ನೆಚ್ಚಿಕೊಂಡಿದೆ, ಅದು ಎಚ್‌ಟಿಟಿಪಿಎಸ್ ಇಲ್ಲದ ಬರೀ ಐಪಿ ಅಡ್ರೆಸ್ಸಿನಲ್ಲಿ ಓಡುವುದಿಲ್ಲ. ಸರ್ಟಿಫಿಕೇಟ್ ಹಾಕಿಕೊಳ್ಳಿ, ಇಲ್ಲವೇ ಪೈಯೊಡೈಡ್ ಮಾತ್ರ ಬಳಸುವ ಒಂದು ಸಣ್ಣ ಪುಟ ನೀವೇ ಮಾಡಿಕೊಳ್ಳಿ.

ಇದನ್ನು ಹೇಳಿದಾಗ ಹಿರಿಯ ಮೇಷ್ಟ್ರೊಬ್ಬರು, "ಹಾಗಾದ್ರೆ ಮಕ್ಕಳು ಇನ್‌ಸ್ಟಾಲ್ ಮಾಡೋದು ಯಾವಾಗ ಕಲೀತಾರೆ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಟರ್ಮಿನಲ್ ಕಂಡರೆ ಹೆದರುವ, ಫೈಲ್ ಎಲ್ಲಿ ಸೇವ್ ಆಯಿತು ಅಂತ ಗೊತ್ತಿಲ್ಲದ ಎಂಜಿನಿಯರುಗಳು ಈಗಲೇ ಬೇಕಾದಷ್ಟಿದ್ದಾರೆ, ಬ್ರೌಸರ್ ಅದನ್ನು ಇನ್ನೂ ಜಾಸ್ತಿ ಮಾಡಬಹುದು. ನಾನು ಕೊಟ್ಟ ಉತ್ತರ ಇಷ್ಟು: ಕಲಿಸಿ, ಖಂಡಿತ ಕಲಿಸಿ, ಅದಕ್ಕೇ ಒಂದು ಲ್ಯಾಬ್ ಇಡಿ, ಮೂರನೇ ಸೆಮಿಸ್ಟರಿನಲ್ಲಿ. ಪೋಲಾರ್ ಕರ್ವ್ ಕಲಿಯಲು ಬಂದ ಮೊದಲ ದಿನವೇ ಬೇಡ. ಅವರಿಗೆ ಪೂರ್ತಿ ಒಪ್ಪಿಗೆಯಾದ ಹಾಗೆ ಕಾಣಲಿಲ್ಲ.

ಇದನ್ನೇ ನಂಬಿ ಕೂರಬಹುದಾ ಅನ್ನುವ ಅನುಮಾನವೂ ನನಗಿದೆ. ಪೈಯೊಡೈಡ್ ಹುಟ್ಟಿದ್ದು ಮೊಜಿಲ್ಲಾದ ಅಯೋಡೈಡ್ ಅನ್ನುವ ಯೋಜನೆಯೊಳಗೆ, ಆ ಯೋಜನೆ ನಿಂತುಹೋಯಿತು, ಇದು ಉಳಿದದ್ದು ಸ್ವಯಂಸೇವಕರಿಂದ. ಬ್ರೌಸರಿನಲ್ಲಿ ಓಡುವುದಕ್ಕೆ ಪೈಥಾನಿನ ಅಧಿಕೃತ ಬೆಂಬಲವೂ ಒಮ್ಮೆ ಇದೆ, ಒಮ್ಮೆ ಇಲ್ಲ ಅನ್ನುವಂತಿತ್ತು. ಪೈಥಾನ್ 3.11ರಲ್ಲಿ ಮೂರನೇ ದರ್ಜೆಯ ಬೆಂಬಲ ಸಿಕ್ಕಿತು, 3.13ರಲ್ಲಿ ಕೈಬಿಟ್ಟರು, 2025ರಲ್ಲಿ ಬಂದ 3.14ರಲ್ಲಿ ಮತ್ತೆ ಸೇರಿಸಿದರು. ಮೂರನೇ ದರ್ಜೆ ಅಂದರೆ ಒಡೆದುಹೋದರೆ ಬಿಡುಗಡೆ ನಿಲ್ಲಿಸುವುದಿಲ್ಲ ಅಂತ ಅರ್ಥ. ಈಗ ಕ್ಲೌಡ್‌ಫ್ಲೇರ್ ಕಂಪನಿ ತನ್ನ ಸರ್ವರುಗಳಲ್ಲೇ ಪೈಯೊಡೈಡ್ ಬಳಸುತ್ತಿರುವುದರಿಂದ ಸ್ವಲ್ಪ ಧೈರ್ಯ ಬಂದಿದೆ. ಬ್ರೌಸರಿಗಾಗಿ ಮಾಡಿದ ವಸ್ತು ಸರ್ವರಿಗೆ ಹೋಗಿ ಅಲ್ಲಿಂದ ಅನ್ನ ಸಂಪಾದಿಸುತ್ತಿದೆ, ವಿಚಿತ್ರ. ಒಂದು ಸಮಾಧಾನ ಏನೆಂದರೆ ಲ್ಯಾನ್‌ನಲ್ಲಿ ಇಟ್ಟುಕೊಂಡ ಪ್ರತಿಯನ್ನು ಯಾರೂ ಬಂದು ಕಿತ್ತುಕೊಂಡು ಹೋಗುವುದಿಲ್ಲ.

ಆ ಹುಡುಗ ಏನಾದ ಅಂತ ಹೇಳಲಿಲ್ಲ ಅಲ್ವಾ. ಮುಂದಿನ ವಾರ ಬಂದವನ ಮುಖ ಸಪ್ಪಗಿತ್ತು. ನೋಟ್‌ಬುಕ್ ಮಾಯ. ಜುಪಿಟರ್‌ಲೈಟ್ ನಿಮ್ಮ ಕೆಲಸವನ್ನು ಇಡುವುದು ಬ್ರೌಸರಿನ ಸ್ವಂತ ಉಗ್ರಾಣದಲ್ಲಿ, ನಿಮ್ಮ ಫೈಲುಗಳ ಜೊತೆ ಅಲ್ಲ. ಇವನ ಫೋನಿನಲ್ಲಿ ಜಾಗ ಸಾಲದೆ, ಬ್ರೌಸಿಂಗ್ ಡೇಟಾ ಎಲ್ಲಾ ಅಳಿಸಿದ್ದನಂತೆ. ಪಕ್ಕದ ಹುಡುಗಿಯ ಐಫೋನಿನಲ್ಲಿ ಅಷ್ಟೂ ಮಾಡಬೇಕಿರಲಿಲ್ಲ, ಸಫಾರಿ ಬ್ರೌಸರನ್ನು ಏಳು ದಿನ ಬಳಸಿಯೂ ಆ ಸೈಟನ್ನು ಮಾತ್ರ ಮುಟ್ಟದಿದ್ದರೆ ಅದು ತಾನೇ ಅಳಿಸಿಬಿಡುತ್ತದೆ, 2020ರಿಂದ ಅದರ ನಿಯಮವೇ ಹಾಗೆ. ಭಟ್ಟರು ಪಾತ್ರೆ ಎತ್ತಿಕೊಂಡು ಹೋಗುವಾಗ ಉಳಿದ ಸಾರನ್ನು ಬಗ್ಗಿಸಿಕೊಳ್ಳದಿದ್ದರೆ ಅದೂ ಹೋಯಿತು. ಅವನು ಕೂತು ಹತ್ತು ನಿಮಿಷದಲ್ಲಿ ಕಾರ್ಡಿಯಾಯ್ಡನ್ನು ತಿರುಗಿ ಬರೆದ. ಮುಗಿದ ಕೂಡಲೇ ಡೌನ್‌ಲೋಡ್ ಒತ್ತಿ, ಫೈಲನ್ನು ವಾಟ್ಸ್‌ಆ್ಯಪಿನಲ್ಲಿ ತನಗೆ ತಾನೇ ಕಳಿಸಿಕೊಂಡ.